ಗಾಜಿನ ಕೆಳಗಿನ ಮಣ್ಣು

ನನ್ನ ಕೆಲಸ ಜನರನ್ನು ಹೊರಗೆ ಹಾಕುವುದು. ಬೌನ್ಸರ್ ಅಂದರೆ ಕೇಳುವುದಕ್ಕೆ ಸ್ವಲ್ಪ ಠೀವಿ ಇದೆ, ಮಾಡುವುದು ಮಾತ್ರ ಇಷ್ಟೇ. ಕುಡಿದು ಗಲಾಟೆ ಮಾಡಿದವನ ಕಂಕುಳಿಗೆ ಕೈ ಹಾಕಿ, ಅವನ ಅಂಗಿ ಹರಿಯದಂತೆ, ಮೊಬೈಲು ಬೀಳದಂತೆ, ಜೊತೆಗೆ ಬಂದವರ ಮುಂದೆ ಅವನ ಮಾನ ಪೂರ್ತಿ ಹೋಗದಂತೆ ಫುಟ್‌ಪಾತಿನ ಮೇಲೆ ತಂದು ಇಳಿಸಬೇಕು. ಒಂಬತ್ತು ವರ್ಷದಲ್ಲಿ ಎಷ್ಟೋ ಜನರನ್ನು ಹಾಗೆ ಇಳಿಸಿದ್ದೇನೆ. ಯಾರ ಮುಖವೂ ನೆನಪಿಲ್ಲ, ಒಬ್ಬರದ್ದು ಬಿಟ್ಟು.

ನಾನು ರುದ್ರೇಶ, ಮುಧೋಳ ತಾಲೂಕಿನವನು. ಬೆಂಗಳೂರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಊರಿನ ತಾಲೀಮಿನಲ್ಲಿ ಬೆಳೆದ ಮೈ, ಕುಸ್ತಿಯಲ್ಲಿ ಜಜ್ಜಿ ಮುದ್ದೆಯಾದ ಎರಡು ಕಿವಿ, ಒಂದು ಬ್ಯಾಗು. ಕೆಲಸ ಬೇಗ ಸಿಕ್ಕಿತು. ಈ ಊರಿನಲ್ಲಿ ಪೈಲ್ವಾನನ ಮೈಗೆ ಬಾಗಿಲಲ್ಲಿ ನಿಲ್ಲುವ ಕೆಲಸ ಯಾವಾಗಲೂ ಇದ್ದೇ ಇರುತ್ತದೆ. ಮನೆ ಮಾತ್ರ ಸಿಗಲಿಲ್ಲ. ಬಸವೇಶ್ವರನಗರದಿಂದ ನಾಗರಬಾವಿಯವರೆಗೆ ಬಾಡಿಗೆ ಬೋರ್ಡು ಕಂಡಲ್ಲೆಲ್ಲ ಕೇಳಿದೆ. ನನ್ನ ಕಿವಿ ನೋಡಿಯೇ ಮಾಲೀಕರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಗ ನನ್ನನ್ನು ಒಳಗೆ ಕರೆದವರು ಮಲ್ಲತ್ತಹಳ್ಳಿ ಕೆರೆಯ ಪಕ್ಕದ ಗರಡಿ ಮನೆಯ ಉಸ್ತಾದ್ ದೊಡ್ಡಹನುಮಯ್ಯನವರು. ಆರು ತಿಂಗಳು ಗರಡಿಯ ಮೂಲೆಯಲ್ಲೇ ಮಲಗಿದೆ. ಅವರ ಹೆಂಡತಿ ಇಂದ್ರಮ್ಮ ದಿನಾ ನನ್ನನ್ನೂ ಲೆಕ್ಕಕ್ಕೆ ಹಿಡಿದೇ ಮುದ್ದೆ ಕಟ್ಟಿದರು. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಮುದ್ದೆ ನುಂಗಲು ಕಲಿಸಿದ್ದೂ ಅವರೇ. "ಅಗೀಬೇಡ ಕಣೋ, ನುಂಗು," ಎಂದು ತಲೆಯ ಮೇಲೆ ಮೊಟಕುತ್ತಿದ್ದರು.

ಗರಡಿ ಎಂದರೆ ಶೀಟು ಹೊದಿಸಿದ ಒಂದು ಉದ್ದನೆಯ ಕೋಣೆ. ನಡುವೆ ಕೆಮ್ಮಣ್ಣಿನ ಮಟ್ಟಿ, ಕುಸ್ತಿ ಆಡುವ ಜಾಗ. ಅದು ಸುಮ್ಮನೆ ಅಗೆದು ತುಂಬಿದ ಮಣ್ಣಲ್ಲ. ಅರಿಶಿನ, ಮಜ್ಜಿಗೆ, ಎಳ್ಳೆಣ್ಣೆ, ಬೇವಿನ ಸೊಪ್ಪಿನ ಪುಡಿ, ತುಪ್ಪ ಬೆರೆಸಿ ವರ್ಷಗಟ್ಟಲೆ ಕಲಸಿ ಹದ ಮಾಡಿದ್ದು. ಗೋಡೆಯ ಮೇಲೆ ಆಂಜನೇಯನ ಪಟ. ಹೊಸಿಲಿನ ಆಚೆ ಚಪ್ಪಲಿ ಬಿಡದೆ ಯಾರೂ ಒಳಗೆ ಬರುವಂತಿಲ್ಲ. ಒಮ್ಮೆ ಯಾವುದೋ ಹೊಡೆದಾಟದ ವಿಚಾರಣೆಗೆ ಸಬ್ ಇನ್ಸ್‌ಪೆಕ್ಟರ್ ಬಂದಿದ್ದರು. ಉಸ್ತಾದರು ಅವರ ಕಾಲು ನೋಡಿ, "ಅರೆಸ್ಟ್ ಮಾಡೋದಾದ್ರೂ ಬೂಟ್ ಬಿಚ್ಚಿಟ್ಟೇ ಮಾಡಿ ಸಾರ್," ಎಂದರು. ಅವರು ಗೊಣಗುತ್ತ ಬೂಟು ಬಿಚ್ಚಿ, ಸಾಕ್ಸಿನ ತೂತಿನಿಂದ ಹೆಬ್ಬೆರಳು ಕಾಣಿಸುತ್ತ ಒಳಗೆ ಬಂದರು. ನಾವೆಲ್ಲ ನಗು ತಡೆದುಕೊಳ್ಳಲು ಆ ಕಡೆ ತಿರುಗಿ ಬಸ್ಕಿ ಹೊಡೆದೆವು.

ಗರಡಿಯ ಮಣ್ಣಿಗೆ ಒಂದು ಕಟ್ಟಳೆ ಇದೆ. ಹೊಸ ಗರಡಿ ಮಾಡುವವರು ಹಳೆಯ ಗರಡಿಗೆ ಬಂದು ಒಂದು ಬೊಗಸೆ ಮಣ್ಣು ಕೇಳಬೇಕು. ಅದನ್ನು ಬೆರೆಸಿದರೆ ಮಾತ್ರ ಹೊಸದು ಗರಡಿ, ಇಲ್ಲದಿದ್ದರೆ ಬರೀ ಗುಂಡಿ. ಬಾಗಿಲು ತೆರೆಯುವ ದಿನ ಮಣ್ಣು ಕೊಟ್ಟ ಉಸ್ತಾದ್ ಅಲ್ಲಿಗೆ ಹೋಗಿ, ಮಣ್ಣು ಹೊತ್ತು ತಂದವನ ಜೊತೆ ಆ ಮಣ್ಣಿನ ಮೇಲೆ ಮೊದಲ ಕುಸ್ತಿ ಹಿಡಿಯಬೇಕು. ಅದಕ್ಕೆ ಮೊದಲ ಕೈ ಎನ್ನುತ್ತಾರೆ. ಅದರಲ್ಲಿ ಗೆಲುವಿಲ್ಲ, ಸೋಲಿಲ್ಲ. ಒಬ್ಬರನ್ನೊಬ್ಬರು ಹಿಡಿದು ಬಿಡುತ್ತಾರೆ, ಅಷ್ಟೆ. ದೊಡ್ಡಹನುಮಯ್ಯನವರ ಗುರು ಏಳು ಗರಡಿಗಳಿಗೆ ಮಣ್ಣು ಕೊಟ್ಟಿದ್ದರಂತೆ. ಇವರು ಉಸ್ತಾದರಾಗಿ ನಲವತ್ತೊಂದು ವರ್ಷ, ಒಬ್ಬನೂ ಮಣ್ಣು ಕೇಳಿಕೊಂಡು ಬಂದಿರಲಿಲ್ಲ. ಗುರು ಕೊಟ್ಟ ಏಳರಲ್ಲೂ ಐದು ಮುಚ್ಚಿದ್ದವು, ಒಂದು ಜಿಮ್ ಆಗಿತ್ತು, ಇನ್ನೊಂದು ಕಾರು ನಿಲ್ಲಿಸುವ ಜಾಗವಾಗಿತ್ತು. "ನಾನು ಸಾಯೋದ್ರೊಳಗೆ ನಮ್ಮ ಮಣ್ಣು ಒಂದ್ ಬೊಗ್ಸೆನಾದ್ರೂ ಆಚೆ ಹೋಗ್ಬೇಕು ಕಣ್ಲಾ," ಎಂದು ನನ್ನ ಕೈಲಿ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ಹೇಳುತ್ತಿದ್ದರು. ಎಪ್ಪತ್ತನಾಲ್ಕು ವರ್ಷದ ಆ ಮನುಷ್ಯನಿಗೆ ಇದ್ದದ್ದು ಅದೊಂದೇ ಆಸೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಇನ್ನು ಹುರ್ರಾ ಸ್ಪೋರ್ಟ್ಸ್ ಚಾನೆಲ್ಲಿನ ಮಾತು. ಮೊದಲು ಅದು ಕ್ರಿಕೆಟ್ ಮಾತ್ರ ತೋರಿಸುತ್ತಿತ್ತು. ಆಮೇಲೆ ಹುರ್ರಾ ಶೂ ಬಂತು, ಹುರ್ರಾ ಪ್ರೋಟೀನ್ ಪುಡಿ ಬಂತು, ಮಕ್ಕಳ ಹುರ್ರಾ ಕೋಚಿಂಗ್ ಬಂತು, ಮೈಗೆ ಪುಸಪುಸ ಹೊಡೆದುಕೊಳ್ಳುವ ಹುರ್ರಾ ಸೆಂಟು ಬಂತು. ನನ್ನ ಹೆಂಡತಿ ಕಲಾವತಿ ಒಂದು ದಿನ ವಿಜಯನಗರದ ಅಂಗಡಿಯಿಂದ ಸೊಳ್ಳೆ ಹೊಡೆಯುವ ಬ್ಯಾಟು ತಂದಳು. ಅದರ ಹಿಡಿಯ ಮೇಲೂ ಹುರ್ರಾ. ಚೆಂಡು ಹೊಡೆದರೂ ಸೊಳ್ಳೆ ಹೊಡೆದರೂ ತಮ್ಮ ಹೆಸರು ಮೇಲಿರಬೇಕು ಅವರಿಗೆ. ಕೊನೆಗೆ ಬಾರು ಮಾಡಲು ಹೊರಟರು. ಕೋಲ್ಕತ್ತಾದಲ್ಲಿ ಫುಟ್‌ಬಾಲಿನ ಬಾರು, ಕೊಚ್ಚಿಯಲ್ಲಿ ದೋಣಿ ಪಂದ್ಯದ ಬಾರು. ಬೆಂಗಳೂರಿನಲ್ಲಿ ಕ್ರಿಕೆಟ್ ಬಾರನ್ನು ಆಗಲೇ ಬೇರೆಯವರು ಮಾಡಿಬಿಟ್ಟಿದ್ದರಿಂದ ಇವರ ಪಾಲಿಗೆ ಉಳಿದದ್ದು ಕುಸ್ತಿ. ರಾಜಾಜಿನಗರದಲ್ಲಿ ಎರಡು ಮಹಡಿಯ ಜಾಗ ಹಿಡಿದು ಹುರ್ರಾ ಅಖಾಡ ಎಂದು ಹೆಸರಿಟ್ಟರು. ಆ ಚಾನೆಲ್ಲು ಹುಟ್ಟಿದ ದಿನದಿಂದ ಒಂದೇ ಒಂದು ನಿಮಿಷದ ಕುಸ್ತಿಯನ್ನೂ ತೋರಿಸಿರಲಿಲ್ಲ.

ಬಾಗಿಲಿಗೆ ಬೌನ್ಸರ್ ಆಗಿ ನನ್ನನ್ನು ತೆಗೆದುಕೊಂಡವನು ಸುಘೋಷ್. ಚಾನೆಲ್ಲಿನ ಹೆಸರನ್ನು ಎಲ್ಲೆಲ್ಲಿ ಅಂಟಿಸಬೇಕು ಎಂದು ನೋಡಿಕೊಳ್ಳುವುದೇ ಅವನ ಉದ್ಯೋಗ. ಬಸವೇಶ್ವರನಗರದಲ್ಲೇ ಹುಟ್ಟಿ ಬೆಳೆದವನು, ನಗುಮುಖ, ಯಾರ ಹೆಗಲ ಮೇಲೆ ಬೇಕಾದರೂ ಕೈ ಹಾಕುವವನು. ಬಾರಿನ ಕೆಲಸ ಇನ್ನೂ ನಡೆಯುತ್ತಿರುವಾಗ ಒಂದು ದಿನ ನನ್ನನ್ನು ಕರೆದು ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದ. ಬಾಗಿಲು ದಾಟಿದ ತಕ್ಷಣ ನೆಲದಲ್ಲಿ ಒಂದು ಚೌಕ ಗುಂಡಿ, ಅದರಲ್ಲಿ ಕೆಮ್ಮಣ್ಣು, ಮೇಲೆ ದಪ್ಪ ಗಾಜು, ಒಳಗಿನಿಂದ ದೀಪ.

"ಗುರು, ಕುಸ್ತಿ ಬಾರಲ್ಲಿ ಕುಸ್ತಿ ಮಣ್ಣಿಲ್ಲ ಅಂದ್ರೆ ಹೆಂಗೆ? ಒಳಗೆ ಕಾಲಿಡ್ತಿದ್ದಂಗೇ ಜನಕ್ಕೆ ಫೀಲ್ ಆಗ್ಬೇಕು."

"ಮಣ್ಣ ಲಾರಿಗಟ್ಲೆ ಸಿಗತೈತಲ್ರಿ ಸಾರ್."

"ಅದಕ್ಕೆ ಸ್ಟೋರಿ ಇಲ್ವಲ್ಲ! ಹಳೇ ಗರಡಿದಾಗಿರ್ಬೇಕು. ಒಬ್ರು ವಯಸ್ಸಾದ ಉಸ್ತಾದ್ ಕೈಯಾರೆ ಕೊಡ್ಬೇಕು, ನಾವು ಶೂಟ್ ಮಾಡ್ಬೇಕು. ಯಾರಾದ್ರೂ ಗೊತ್ತಾ ನಿಂಗೆ? ನೋಡು, ಒಳಗಡೆ ಫ್ಲೋರ್ ಇನ್‌ಚಾರ್ಜ್ ಪೋಸ್ಟ್ ಇನ್ನೂ ಖಾಲಿ ಇದೆ."

ಗೊತ್ತಿಲ್ಲ ಎನ್ನಬಹುದಿತ್ತು. ಫ್ಲೋರ್ ಇನ್‌ಚಾರ್ಜ್ ಎಂದರೆ ಬಾಗಿಲಲ್ಲಿ ಹನ್ನೆರಡು ತಾಸು ನಿಲ್ಲುವುದು ತಪ್ಪುತ್ತದೆ, ಕೋಟು ಬರುತ್ತದೆ, ಭಾನುವಾರ ರಜೆ ಬರುತ್ತದೆ. ಕಲಾವತಿಗೆ ಆಗ ಏಳು ತಿಂಗಳು. ಇದನ್ನೆಲ್ಲ ಹೇಳುತ್ತಿರುವುದು ನೀವು ನನ್ನನ್ನು ಕ್ಷಮಿಸಬೇಕು ಎಂದಲ್ಲ. ಹೆಂಡತಿ ಬಸುರಿಯಾದ ಗಂಡಸರೆಲ್ಲ ಗುರುವಿನ ಕಣ್ಣಿಗೆ ಮಣ್ಣೆರಚುವುದಿಲ್ಲ.

"ಒಬ್ರು ಗೊತ್ತದಾರ್ರಿ," ಎಂದೆ.

ಮರುದಿನ ಸಂಜೆ ಗರಡಿಗೆ ಹೋದೆ. ಉಸ್ತಾದರು ಗುದ್ದಲಿಯಿಂದ ಮಟ್ಟಿ ಕೆದಕಿ ಮಣ್ಣು ಸಡಿಲ ಮಾಡುತ್ತಿದ್ದರು. ಜ್ಞಾನಭಾರತಿಯಲ್ಲಿ ಓದುವ ಇಬ್ಬರು ಹುಡುಗರು ಮೂಲೆಯಲ್ಲಿ ದಂಡ ಹೊಡೆಯುತ್ತಿದ್ದರು. ಈಗ ಗರಡಿಗೆ ಬರುತ್ತಿದ್ದದ್ದು ಅವರಿಬ್ಬರೇ.

"ಉಸ್ತಾದ್ರ, ರಾಜಾಜಿನಗರದಾಗ ಹೊಸಾ ಗರಡಿ ಮಾಡಾಕತ್ತಾರ್ರೀ. ಮಣ್ಣ ಕೇಳಾಕ ಬಂದೇನ್ರಿ."

ಗುದ್ದಲಿ ಅಲ್ಲೇ ನಿಂತಿತು. "ಯಾರ್ಲಾ ಮಾಡ್ತಾ ಇರೋದು?"

"ಟೀವಿಯವ್ರು ರೀ. ಸ್ಪೋರ್ಟ್ಸ್ ಚಾನೆಲ್ಲಿನವ್ರು."

"ಟೀವಿಯವ್ರು ಗರಡಿ ಮಾಡ್ತಾವ್ರಾ? ನಿಜ ಹೇಳು."

"ನಿಜ ರೀ."

"ಅಲ್ಲಿಗೆ ಉಸ್ತಾದ್ ಯಾರು?"

ಈ ಪ್ರಶ್ನೆಗೆ ನಾನು ಉತ್ತರ ಯೋಚಿಸಿಕೊಂಡು ಬಂದಿರಲಿಲ್ಲ. "ನಾನ ರೀ," ಎಂದುಬಿಟ್ಟೆ.

ಉಸ್ತಾದರು ಗುದ್ದಲಿ ಕೆಳಗಿಟ್ಟು, ಪಂಚೆಗೆ ಕೈ ಒರೆಸಿಕೊಂಡು ಬಂದು, ನನ್ನ ಎರಡೂ ಮುದ್ದೆ ಕಿವಿಗಳನ್ನು ಹಿಡಿದು ತಲೆ ಅಲ್ಲಾಡಿಸಿದರು. ಕಣ್ಣಲ್ಲಿ ನೀರಿತ್ತು, ಮುಚ್ಚಿಕೊಳ್ಳಲೂ ಇಲ್ಲ. "ಇಂದ್ರಾ, ಬಾರೇ ಇಲ್ಲಿ! ನಮ್ಮ ಮಣ್ಣು ಹೊರಡ್ತು ಕಣೇ!" ಎಂದು ಹಿಂದಿನ ಮನೆಗೆ ಕೇಳುವಂತೆ ಕೂಗಿದರು. ಇಂದ್ರಮ್ಮ ಸೌಟು ಹಿಡಿದೇ ಬಂದು ವಿಷಯ ಕೇಳಿ, ಮೊದಲು ಕೇಳಿದ್ದು ಒಂದೇ ಮಾತು. "ಅಲ್ಲೋ, ಅಷ್ಟು ದೊಡ್ಡ ಗರಡಿಲಿ ಹುಡುಗ್ರಿಗೆ ಊಟ ಯಾರ್ ಮಾಡ್ತಾರೆ?"

"ಅಡಿಗಿಯವ್ರು ಭಾಳ ಮಂದಿ ಅದಾರ ಅಮ್ಮಾ," ಎಂದೆ. ಆ ದಿನ ನಾನು ಆಡಿದ್ದರಲ್ಲಿ ಅದೊಂದೇ ನಿಜ. ಬಾರಿನ ಅಡುಗೆಮನೆಗೆ ಹನ್ನೊಂದು ಜನರನ್ನು ತೆಗೆದುಕೊಂಡಿದ್ದರು.

ಉಸ್ತಾದರು ಹನ್ನೊಂದು ದಿನ ಮಣ್ಣಿಗೆ ಹೊಸದಾಗಿ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದರು. ಒಂದು ಬೊಗಸೆ ಕೊಡಲು ಇಡೀ ಮಟ್ಟಿಯನ್ನೇ ಕಲಸಿದರು. ಹನ್ನೆರಡನೆಯ ದಿನ ಶನಿವಾರ ಬೆಳಿಗ್ಗೆ ಸುಘೋಷ್ ಕ್ಯಾಮೆರಾದವರನ್ನು ಕರೆದುಕೊಂಡು ಬಂದ. ಎಲ್ಲರೂ ಶೂ ಬಿಚ್ಚಿದರು. ಉಸ್ತಾದರು ಹೊಸ ಬಿಳಿ ಬಟ್ಟೆಯಲ್ಲಿ ಬೊಗಸೆ ಮಣ್ಣು ಹಾಕಿ, ಗಂಟು ಕಟ್ಟಿ, ನನ್ನ ಹಣೆಗೆ ಮುಟ್ಟಿಸಿದರು.

"ಮೂರು ಮಾತು ಕೊಡು ರುದ್ರೇಶ. ಇದರ ಮೇಲೆ ಚಪ್ಪಲಿ ಕಾಲು ಬೀಳ್ಬಾರ್ದು. ಕುಡಿದವನು ಇದರ ಹತ್ರ ಸುಳೀಬಾರ್ದು. ಬಾಗಿಲು ತೆಗೆಯೋ ದಿನ ನನ್ನ ಕರೀಬೇಕು, ಮೊದಲ ಕೈ ನಂದು ನಿಂದು."

ಕ್ಯಾಮೆರಾ ನೋಡುತ್ತಿತ್ತು. ಮೂರಕ್ಕೂ "ಕೊಟ್ಟೇನ್ರಿ" ಎಂದೆ.

"ಸೂಪರ್ ಉಸ್ತಾದ್‌ಜೀ! ಇನ್ನೊಂದ್ಸಲ ಮಾಡೋಣ, ಬೆಳಕು ಸ್ವಲ್ಪ ಕಮ್ಮಿ ಇತ್ತು," ಎಂದ ಸುಘೋಷ್.

"ಮಣ್ಣು ಒಂದ್ಸಲ ಕೊಡೋದು ಸಾರ್. ಎರಡನೇ ಸಲ ಕೊಟ್ರೆ ಅದು ನಾಟಕ ಆಗ್ತದೆ," ಎಂದರು ಉಸ್ತಾದರು. ಆಮೇಲೆ ಎಲ್ಲರಿಗೂ ಮಜ್ಜಿಗೆ ಕೊಡಿಸಿ, ಸುಘೋಷನ ಕೈ ಹಿಡಿದು ಕೇಳಿದರು. "ನಿಮ್ಮ ಟೀವೀಲಿ ಕುಸ್ತಿ ಯಾವಾಗ ತೋರಿಸ್ತೀರಿ ಸಾರ್?"

"ಬೇಗ ತೋರಿಸ್ತೀವಿ, ಪ್ರಾಮಿಸ್," ಎಂದ ಅವನು. ಆ ಮಾತು ಉಳಿಸಿಕೊಂಡ.

ಬಾರು ತೆರೆಯಲು ಎರಡು ವಾರ ಇತ್ತು. ಉಸ್ತಾದರಿಗೆ ನಾನು ಬೇರೆ ಲೆಕ್ಕ ಹೇಳಿದೆ. ಬಡಗಿ ಕೆಲಸ ಮುಗಿದಿಲ್ಲ, ಇನ್ನೂ ಎರಡು ತಿಂಗಳು ಆಗುತ್ತದೆ, ದಿನ ಗೊತ್ತಾದಾಗ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಎರಡು ತಿಂಗಳಲ್ಲಿ ಏನಾದರೂ ಒಂದು ಆಗುತ್ತದೆ, ಇನ್ನೊಂದು ಸುಳ್ಳು ಹುಟ್ಟುತ್ತದೆ ಎಂಬ ಧೈರ್ಯ. ಮನೆಯಲ್ಲಿ ಕಲಾವತಿಗೆ ಮಾತ್ರ ನಿಜ ಹೇಳಿದೆ. ಅವಳು ತಟ್ಟೆಗೆ ರೊಟ್ಟಿ ಹಾಕುತ್ತಿದ್ದವಳು ಕೈ ತಡೆದು, "ಅವ್ರ ಮನಿ ಉಪ್ಪ ತಿಂದೀರಿ ನೀವು," ಎಂದಳು. ಅಷ್ಟೇ ಹೇಳಿದಳು.

ನನ್ನ ಸುಳ್ಳನ್ನು ಕೆಡಿಸಿದ್ದು ಹುರ್ರಾ ಚಾನೆಲ್ಲೇ. ಒಂದು ಮ್ಯಾಚಿನ ಓವರುಗಳ ನಡುವೆ ಅವರ ಜಾಹೀರಾತು ಬಂತು. ಟೀವಿಯಲ್ಲಿ ಹೆಂಡದ ಜಾಹೀರಾತು ಹಾಕುವಂತಿಲ್ಲ. ಆದ್ದರಿಂದ ಅದರಲ್ಲಿ ಗ್ಲಾಸಿರಲಿಲ್ಲ, ಬಾಟಲಿಯಿರಲಿಲ್ಲ, ಬಾರು ಎಂಬ ಅಕ್ಷರವೂ ಇರಲಿಲ್ಲ. ಉಸ್ತಾದರ ಕೈ, ಮಣ್ಣು, ನನ್ನ ಹಣೆ, ಹುರ್ರಾ ಅಖಾಡ, ರಾಜಾಜಿನಗರ, ಈ ಶನಿವಾರ ಸಂಜೆ ಐದಕ್ಕೆ. ಮಲ್ಲತ್ತಹಳ್ಳಿಯ ಟೀ ಅಂಗಡಿಯಲ್ಲಿ ಉಸ್ತಾದರು ಅದನ್ನು ನೋಡಿದರಂತೆ. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರಂತೆ. ಕೆಲಸ ಬೇಗ ಮುಗಿದಿರಬೇಕು, ಓಡಾಟದಲ್ಲಿ ಪಾಪ ಹುಡುಗ ಹೇಳುವುದನ್ನು ಮರೆತಿದ್ದಾನೆ ಎಂದು ಇಂದ್ರಮ್ಮನಿಗೆ ಹೇಳಿದರಂತೆ. ನನ್ನ ಮೇಲೆ ಅನುಮಾನ ಬರಲೇ ಇಲ್ಲ ಅವರಿಗೆ. ಇದು ಆಮೇಲೆ ಗೊತ್ತಾದಾಗ, ಅವರು ಅನುಮಾನಪಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಶನಿವಾರ ಐದು ಗಂಟೆಗೆ ಬಾರಿನ ಮುಂದೆ ಜನ ತುಂಬಿದ್ದರು. ಡೋಲು ಬಡಿಯುವವರು, ಬಲೂನು, ಹುರ್ರಾ ಟೀ ಶರ್ಟು ಹಾಕಿದ ಹುಡುಗ ಹುಡುಗಿಯರು. ಒಳಗೆ ಗೋಡೆಯ ತುಂಬ ದೊಡ್ಡ ಟೀವಿಗಳು, ಎಲ್ಲದರಲ್ಲೂ ಕ್ರಿಕೆಟ್. ಮೆನುವಿನಲ್ಲಿ ಧೋಬಿ ಪಛಾಡ್ ಎಂದು ಕುಸ್ತಿಯ ಪಟ್ಟೊಂದರ ಹೆಸರಿಟ್ಟ ಕೋಳಿ ತುಂಡು. ಬಾಗಿಲೊಳಗೆ ಗಾಜಿನ ಕೆಳಗೆ ಮಣ್ಣು ಹೊಳೆಯುತ್ತಿತ್ತು. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಯಾವುದೋ ಕಟ್ಟಡಕ್ಕೆ ಅಡಿಪಾಯ ತೆಗೆದಾಗ ಬಂದ ಮಣ್ಣು, ಮೇಲೆ ಉಸ್ತಾದರ ಬೊಗಸೆ. ಬಂದವರೆಲ್ಲ ಅದರ ಮೇಲೆ ಹಾದು ಹೋಗುತ್ತಿದ್ದರು. ನಾನು ಕರಿ ಅಂಗಿ, ಕರಿ ಬೂಟು ಹಾಕಿ ಬಾಗಿಲಲ್ಲಿ ನಿಂತಿದ್ದೆ. ಅದೇ ನನ್ನ ಬಾಗಿಲ ಕೆಲಸದ ಕೊನೆಯ ದಿನ, ಸೋಮವಾರದಿಂದ ಕೋಟು.

ಐದೂವರೆಗೆ ಉಸ್ತಾದರು ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ತಲೆಗೆ ಕೆಂಪು ರುಮಾಲು, ಕೈಯಲ್ಲಿ ಹೂವಿನ ಹಾರ, ನಿಂಬೆಹಣ್ಣು. ಎರಡು ಬಸ್ಸು ಬದಲಾಯಿಸಿ ಒಬ್ಬರೇ ಬಂದಿದ್ದರು. ಡೋಲಿನ ಸದ್ದಿಗೆ ಮುಖ ಅರಳಿತ್ತು. ಬಾಗಿಲ ಆಚೆ ಗೋಡೆಯ ಬದಿಗೆ ಚಪ್ಪಲಿ ಜೋಡಿಸಿಟ್ಟು, ಮೆಟ್ಟಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ನನ್ನನ್ನು ನೋಡಿ ನಕ್ಕರು. "ಮರ್ತುಬಿಟ್ಯಲ್ಲೋ ಕಳ್ಳ," ಎಂದರು.

ಅವರು ಒಳಗೆ ಕಾಲಿಟ್ಟರು, ಗಾಜು ನೋಡಿದರು. ಅದೇ ಹೊತ್ತಿಗೆ ಎತ್ತರದ ಹಿಮ್ಮಡಿ ಚಪ್ಪಲಿಯ ಒಬ್ಬ ಹುಡುಗಿ ಅದರ ಮೇಲೆ ಟಕಟಕ ಎಂದು ಹಾದು ಹೋದಳು. ಅವಳ ಹಿಂದೆ ಒಬ್ಬ ಬಿಯರು ಹಿಡಿದು ಬಂದು, ಗಾಜಿನ ಮೇಲೆ ಸ್ವಲ್ಪ ಚೆಲ್ಲಿ ಹೋದ. ಉಸ್ತಾದರು ಟೀವಿಗಳನ್ನು ನೋಡಿದರು, ಬಾಟಲಿಗಳ ಸಾಲು ನೋಡಿದರು, ನನ್ನ ಬೂಟು ನೋಡಿದರು. ಅವರು ಕೂಗುತ್ತಾರೆ ಎಂದುಕೊಂಡೆ. ಕೂಗಿದ್ದರೆ ನನಗೂ ಅನುಕೂಲ ಆಗುತ್ತಿತ್ತು. ಕೂಗುವವರನ್ನು ಹೇಗೆ ನೋಡಿಕೊಳ್ಳಬೇಕೆಂದು ನನಗೆ ಗೊತ್ತು. ಅವರು ಕೂಗಲಿಲ್ಲ. ರುಮಾಲು ಬಿಚ್ಚಿ ಗಾಜಿನ ಮೇಲಿನ ಬಿಯರು ಒರೆಸಿ, ಹಾರ, ನಿಂಬೆಹಣ್ಣನ್ನು ಅದರ ಅಂಚಿಗೆ ಇಟ್ಟರು. ಅಲ್ಲೇ ಪಕ್ಕದಲ್ಲಿ ನಿಂತು ಒಳಗೆ ಬರುವವರಿಗೆಲ್ಲ ಕೈ ಮುಗಿದು, "ಚಪ್ಪಲಿ ಬಿಟ್ಟು ಬನ್ನಿ ಸಾಮಿ, ಗರಡಿ ಮಣ್ಣು ಇದು. ಬಿಟ್ಟು ಬಾ ತಾಯಿ," ಎನ್ನತೊಡಗಿದರು.

ಜನ ಇದೂ ಬಾರಿನವರ ಏರ್ಪಾಡೇ ಎಂದುಕೊಂಡರು. ನಗುತ್ತ ಶೂ ಬಿಚ್ಚಿದರು, ಅವರ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಸುಘೋಷ್ ಓಡಿ ಬಂದವನು ಇದನ್ನು ನೋಡಿ ಖುಷಿಯಿಂದ ನನ್ನ ಬೆನ್ನು ತಟ್ಟಿದ. "ಇವ್ರನ್ನ ಕರೆಸ್ಬೇಕು ಅಂತ ನಂಗೆ ಹೊಳೀಲೇ ಇಲ್ವಲ್ಲ ಗುರು! ಸಖತ್! ಇರ್ಲಿ, ಇರ್ಲಿ, ಶೂಟ್ ಮಾಡ್ಸು!" ಕ್ಯಾಮೆರಾ ಬಂತು.

ಆರು ಗಂಟೆಗೆ ಮುಂಬೈಯಿಂದ ಚಾನೆಲ್ಲಿನ ದೊಡ್ಡ ಮನುಷ್ಯ ಬಂದ. ಹೊಳೆಯುವ ಕಂದು ಶೂ, ಹಿಂದೆ ಏಳೆಂಟು ಜನ. ಉಸ್ತಾದರು ಅವನಿಗೂ ಕೈ ಮುಗಿದು ಅದೇ ಮಾತು ಹೇಳಿದರು. ಅವನಿಗೆ ಭಾಷೆ ತಿಳಿಯಲಿಲ್ಲ, ಬಗ್ಗುವ ಅಭ್ಯಾಸವೂ ಇದ್ದಂತಿರಲಿಲ್ಲ. ನಕ್ಕು ಮುಂದೆ ಹೆಜ್ಜೆ ಇಟ್ಟ. ಉಸ್ತಾದರು ಸರಿದು ಗಾಜಿನ ಮೇಲೆ ಅಡ್ಡ ಕುಳಿತುಬಿಟ್ಟರು, ಚಕ್ಕಳಮಕ್ಕಳ ಹಾಕಿಕೊಂಡು, ಮಣ್ಣಿನ ಮೇಲೆ ಕೋಳಿ ಕಾವಿಗೆ ಕೂತ ಹಾಗೆ. ಡೋಲು ನಿಂತಿತು. ಸುಘೋಷನ ಮುಖದ ನಗುವೂ ನಿಂತಿತು.

"ರುದ್ರೇಶ್, ಎತ್ತು ಇವ್ರನ್ನ. ಬೇಗ."

ನಾನು ಮಂಡಿಯೂರಿದೆ. "ಉಸ್ತಾದ್ರ, ಏಳ್ರಿ. ನಿಮ್ಮ ಕಾಲಿಗೆ ಬೀಳ್ತೇನ್ರಿ. ಹಂಗ ಕುಂದರಬ್ಯಾಡ್ರಿ. ಆಮ್ಯಾಲೆ ಎಲ್ಲಾ ಹೇಳ್ತೇನ್ರಿ."

"ಏನ್ ಹೇಳ್ತೀಯ? ಇಲ್ಲಿಗೆ ಉಸ್ತಾದ್ ನಾನೇ ಅಂತ ನೀನಂದಿದ್ದೆ. ಹೌದು ತಾನೇ?"

ನಾನು ಅವರ ತೋಳು ಹಿಡಿಯಲು ಕೈ ಚಾಚಿದೆ.

"ಮೊದಲ ಕೈ ಬಾಕಿ ಇದೆ. ಬೂಟ್ ಬಿಚ್ಚಿ ಬಾ," ಎಂದರು.

"ರುದ್ರೇಶ್!" ಎಂದು ಸುಘೋಷ್ ಹಿಂದಿನಿಂದ ಹಲ್ಲು ಕಚ್ಚಿ ಕೂಗಿದ. ದೊಡ್ಡ ಮನುಷ್ಯ ಗಡಿಯಾರ ನೋಡಿಕೊಂಡ.

ನಾನು ಬೂಟು ಬಿಚ್ಚಲಿಲ್ಲ. ಉಸ್ತಾದರ ಹಿಂದೆ ಹೋಗಿ, ಎರಡೂ ಕಂಕುಳಿಗೆ ಕೈ ಹಾಕಿ, ಎದೆಯ ಮೇಲೆ ಬೆರಳಿಗೆ ಬೆರಳು ಹೆಣೆದು ಎತ್ತಿದೆ. ಆ ಹಿಡಿತ ಕಲಿಸಿದ್ದು ಅವರೇ, ಎದುರಾಳಿಗೆ ಉಸಿರು ಕಟ್ಟಬಾರದು, ತಪ್ಪಿಸಿಕೊಳ್ಳಲೂ ಆಗಬಾರದು ಎಂದು. ಅವರ ಮೈ ನಾನು ಅಂದುಕೊಂಡಿದ್ದಕ್ಕಿಂತ ಹಗುರ ಇತ್ತು. ಎತ್ತಿದ ತಕ್ಷಣ ಅವರ ಬಲಗೈ ಹಿಂದೆ ಬಂದು ನನ್ನ ಕುತ್ತಿಗೆ ಹಿಡಿಯಿತು, ಕಾಲು ನನ್ನ ಮೊಣಕಾಲಿನ ಹಿಂದೆ ಸಿಕ್ಕಿಕೊಂಡಿತು. ಆ ವಯಸ್ಸಿನಲ್ಲೂ ಲೆಕ್ಕ ತಪ್ಪಿರಲಿಲ್ಲ. ಇನ್ನೊಂದು ಜಗ್ಗು ಜಗ್ಗಿದ್ದರೆ ನಾನು ಆ ಗಾಜಿನ ಮೇಲೆ ಬೆನ್ನು ಹಚ್ಚಿ ಬೀಳುತ್ತಿದ್ದೆ. ದೇವರಾಣೆ, ಬೀಳಬೇಕೆಂದೇ ಕಾದೆ. ಅವರು ಕಾಲು ಬಿಟ್ಟರು, ಕುತ್ತಿಗೆ ಬಿಟ್ಟರು, ಮೈಯನ್ನು ಪೂರ್ತಿ ನನ್ನ ಕೈಗೆ ಕೊಟ್ಟುಬಿಟ್ಟರು. ನಾನು ಅವರನ್ನು ಬಾಗಿಲು ದಾಟಿಸಿ ಫುಟ್‌ಪಾತಿನ ಮೇಲೆ ಇಳಿಸಿದೆ.

ಅವರು ಪಂಚೆ ಸರಿಮಾಡಿಕೊಂಡರು. "ಹಿಡಿತ ಸರಿಯಾಗಿದೆ," ಎಂದರು, ಗರಡಿಯಲ್ಲಿ ಹೇಳುವಂತೆಯೇ. ಗೋಡೆಯ ಬದಿ ನೋಡಿದರು. ಚಪ್ಪಲಿ ಅಲ್ಲಿರಲಿಲ್ಲ, ಜನರ ನೂಕುನುಗ್ಗಲಲ್ಲಿ ಯಾರೋ ಒದ್ದಿದ್ದರು. ನಾನು ಹುಡುಕಲು ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ಅವರು ಬರಿಗಾಲಲ್ಲಿ ಬಸ್ ಸ್ಟಾಪಿನ ಕಡೆ ನಡೆದು ಹೋಗುತ್ತಿದ್ದರು. ಹಾರ, ನಿಂಬೆಹಣ್ಣು ಒಳಗೆ ಗಾಜಿನ ಮೇಲೇ ಉಳಿದಿದ್ದವು. ದೊಡ್ಡ ಮನುಷ್ಯ ಅವನ್ನು ದಾಟಿಕೊಂಡು ಒಳಗೆ ಹೋದ, ಡೋಲು ಮತ್ತೆ ಶುರುವಾಯಿತು.

ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಸುಘೋಷ್ ಮೂರು ದಿನ ಮುಖ ಗಂಟಿಕ್ಕಿಕೊಂಡಿದ್ದು, ನಾಲ್ಕನೆಯ ದಿನ ನಗುತ್ತ ಬಂದು ಮೊಬೈಲು ತೋರಿಸಿದ. ಮುಂಬೈಯವರಿಗೆ ಆ ತುಣುಕು ಹಿಡಿಸಿತ್ತಂತೆ. ಹಿಂದೆ ಮುಂದೆ ಕತ್ತರಿಸಿ, ಕ್ರಿಕೆಟ್ ಕಾಮೆಂಟರಿ ಹೇಳುವವನ ದನಿ ಸೇರಿಸಿದ್ದರು. ಗುರು ಶಿಷ್ಯರ ಕಾಳಗ ಅಂತೆ! ನಾನು ಹಿಂದಿನಿಂದ ಹಿಡಿಯುವುದು, ಉಸ್ತಾದರ ಕೈ ನನ್ನ ಕುತ್ತಿಗೆಗೆ ಬರುವುದು, ನಾನು ಎತ್ತುವುದು. ಅಷ್ಟಕ್ಕೆ ನಿಲ್ಲಿಸಿ ಹುರ್ರಾ ಎಂದು ದೊಡ್ಡದಾಗಿ ಬರೆದಿದ್ದರು. ಲಕ್ಷಾಂತರ ಜನ ನೋಡಿದ್ದರು. ಚಾನೆಲ್ಲಿನಲ್ಲೂ ಮ್ಯಾಚಿನ ನಡುವೆ ಹಾಕಿದರು. ಹುರ್ರಾ ಸ್ಪೋರ್ಟ್ಸ್ ತೋರಿಸಿದ ಮೊಟ್ಟಮೊದಲ ಕುಸ್ತಿ ಅದು. ಸುಘೋಷ್ ಉಸ್ತಾದರಿಗೆ ಕೊಟ್ಟ ಮಾತು ತಪ್ಪಲಿಲ್ಲ, ನಾನು ಕೊಟ್ಟ ಮೂರೂ ತಪ್ಪಿದವು.

ಕೋಟು ಬಂತು. ಭುಜದ ಹತ್ತಿರ ಬಿಗಿಯಾಗುತ್ತದೆ, ಆದರೂ ಹಾಕಿಕೊಳ್ಳುತ್ತೇನೆ. ಒಳಗೆ ಬರುವವರು ನನ್ನನ್ನು ಗುರುತು ಹಿಡಿದು, "ಬ್ರೋ, ಆ ತಾತನ್ನ ಎತ್ತಿದ್ದು ನೀನೇ ಅಲ್ವಾ?" ಎಂದು ಕೈ ಕುಲುಕುತ್ತಾರೆ. ನಾನು ಗಾಜು ಇರುವ ಕಡೆ ಕಾಲಿಡದೆ ಗೋಡೆಗೆ ಒರಗಿಕೊಂಡು ಹಾದು ಹೋಗುತ್ತೇನೆ. ಅದನ್ನೇ ಒಂದು ದೊಡ್ಡ ಪುಣ್ಯ ಎಂದು ನನಗೆ ನಾನೇ ಹೇಳಿಕೊಂಡು ಎರಡು ವಾರ ಕಳೆದೆ.

ಚಪ್ಪಲಿ ಸಿಕ್ಕಿದ್ದವು. ಒಂದು ಹೂಕುಂಡದ ಹಿಂದೆ, ಇನ್ನೊಂದು ಚರಂಡಿಯ ಜಾಲರಿಯ ಮೇಲೆ. ತೊಳೆದು, ಒಂದರ ಕಿತ್ತ ಪಟ್ಟಿ ಹೊಲಿಸಿ ಮನೆಯಲ್ಲಿಟ್ಟಿದ್ದೆ. ಕಲಾವತಿ ದಿನವೂ ಅವನ್ನು ಬಾಗಿಲ ಹತ್ತಿರ, ನನ್ನ ಬೂಟಿನ ಪಕ್ಕಕ್ಕೇ ಸರಿಸಿ ಇಡುತ್ತಿದ್ದಳು. ಕೊನೆಗೆ ಮೂರನೆಯ ಭಾನುವಾರ ಬೆಳಿಗ್ಗೆ ಅವನ್ನು ಕಾಗದದಲ್ಲಿ ಸುತ್ತಿಕೊಂಡು ಮಲ್ಲತ್ತಹಳ್ಳಿಗೆ ಹೋದೆ.

ಗರಡಿಯ ಬಾಗಿಲು ತೆರೆದಿತ್ತು. ಕಾಲೇಜಿನ ಆ ಇಬ್ಬರು ಹುಡುಗರು ಮಟ್ಟಿಯಲ್ಲಿ ಹಿಡಿದಾಡುತ್ತಿದ್ದರು, ಉಸ್ತಾದರು ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದರು. ಇಂದ್ರಮ್ಮ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವರು ನನ್ನನ್ನು ನೋಡಿ, ಒದ್ದೆ ಸೀರೆಯನ್ನು ಹಗ್ಗದ ಮೇಲೆ ಎಳೆದು ಅದರ ಹಿಂದೆ ಮರೆಯಾದರು. ನಾನು ಚಪ್ಪಲಿಯ ಪೊಟ್ಟಣವನ್ನು ಹೊಸಿಲಿನ ಪಕ್ಕ ಇಟ್ಟೆ. ಅವರು ಬೈಯಲಿ, ಹೊಡೆಯಲಿ, ಮಟ್ಟಿಯಲ್ಲಿ ಕೆಡವಿ ಕೈ ಮುರಿಯಲಿ, ಏನಾದರೂ ಮಾಡಲಿ ಎಂದೇ ಬಂದಿದ್ದೆ. ಕಾಲು ಹಿಡಿಯಲು ಒಳಗೆ ಹೋಗಬೇಕಲ್ಲ. ಒಂದು ಕಾಲು ಎತ್ತಿ ಬೂಟಿನ ದಾರ ಬಿಚ್ಚತೊಡಗಿದೆ.

ಉಸ್ತಾದರು ತಲೆ ಎತ್ತಿ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅಡ್ರೆಸ್ ಕೇಳಲು ಬಂದ ಹೊಸಬರ ಹತ್ತಿರ ಮಾತಾಡುವ ಹಾಗೆ, ಮರ್ಯಾದೆಯಿಂದ ಹೇಳಿದರು.

"ಪರವಾಗಿಲ್ಲ ಸಾರ್. ಬೂಟ್ ಹಾಕ್ಕೊಂಡೇ ಬನ್ನಿ."

ಹುಡುಗರಿಬ್ಬರೂ ಹಿಡಿತ ಬಿಟ್ಟು ಅವರ ಮುಖ ನೋಡಿದರು. ಆ ಗರಡಿಯಲ್ಲಿ ಆ ಮಾತನ್ನು ಉಸ್ತಾದರು ಯಾರಿಗೂ ಹೇಳಿದ್ದಿಲ್ಲ. ಪೊಲೀಸಿಗೂ ಹೇಳಿದ್ದಿಲ್ಲ.

ನಾನು ಬೂಟಿನ ದಾರ ಮತ್ತೆ ಕಟ್ಟಿಕೊಂಡೆ.